ಮಘೆ ಮಳೆಯಲ್ಲಿ ಮಘಾ ನಕ್ಷತ್ರ ನೋಡಿದ್ದು

ಸಾಗರದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. ಅಡಿಕೆ ಒಣಗಿಸುವ ಅಂಗಳದಲ್ಲೇ ನಾನು ಆಕಾಶ ನೋಡುವುದು. ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಜೊತೆಗೊಂದು 10x50 ಬೈನಾಕ್ಯುಲರ್. ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಮೇ ತಿಂಗಳು ಮುಗಿಯುತ್ತಿದ್ದಂತೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮಳೆಗಾಲದಲ್ಲಿ ಏನು ಮಾಡ್ತೀರಿ ಸರ್?" ಎತ್ತಿಟ್ಟುಬಿಡುತ್ತೇನೆ ಎಂಬ ಉತ್ತರ ಅವರು ನಿರೀಕ್ಷಿಸುತ್ತಾರೆ. ನಾನು ಎತ್ತಿಡುವುದಿಲ್ಲ.

ಮಳೆಗಾಲ ನಮ್ಮಿಂದ ಕಿತ್ತುಕೊಳ್ಳುವುದು ಸಣ್ಣದಲ್ಲ. ವೃಶ್ಚಿಕ, ಧನು ರಾಶಿಗಳು, ಆಕಾಶಗಂಗೆಯ ದಟ್ಟ ನಡುಭಾಗ ಊಟದ ಹೊತ್ತಿಗೆ ದಕ್ಷಿಣದಲ್ಲಿ ಮೇಲೇರಿ ನಿಲ್ಲುವುದು ಜುಲೈ-ಆಗಸ್ಟ್‌ನಲ್ಲೇ. ಆಗಸ್ಟ್ 12-13ರ ಪರ್ಸೀಡ್ ಉಲ್ಕೆಗಳನ್ನು ಮಲೆನಾಡಿನವರು ಲೆಕ್ಕಕ್ಕೇ ಹಿಡಿಯಬಾರದು. ಅದಕ್ಕೆ ಬದಲು ಡಿಸೆಂಬರ್ 13-14ರ ಜೆಮಿನಿಡ್‌ಗೆ ಎಚ್ಚರ ಇರುವುದು ಮೇಲು.

ಮಳೆಗಾಲದಲ್ಲಿ ಇಡೀ ರಾತ್ರಿಯ ಆಸೆ ಬಿಟ್ಟು ಹೊಳವನ್ನು ಹಿಡಿಯಬೇಕು. ಜಿಟಿಜಿಟಿ ನಿಂತು ಮೋಡ ಹರಿದಾಗ ಸಿಗುವುದು ಹತ್ತು-ಹದಿನೈದು ನಿಮಿಷ. ಡಾಬ್ಸೋನಿಯನ್ ಹೊರಗೆ ತಂದು, ಅದರ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳುವಷ್ಟರಲ್ಲಿ ಹೊಳವೇ ಮುಗಿದಿರುತ್ತದೆ. ಹಾಗಾಗಿ ಜೂನ್‌ನಿಂದ ಬೈನಾಕ್ಯುಲರ್ ಜಗಲಿಯ ಬಾಗಿಲ ಪಕ್ಕದ ಗೂಟದಲ್ಲೇ ಇರುತ್ತದೆ. ಜಡಿಮಳೆ ಗಾಳಿಯ ಧೂಳನ್ನೆಲ್ಲ ತೊಳೆದಿರುವುದರಿಂದ ಹೊಳವಿನ ಆಕಾಶ ಬೇಸಿಗೆಯ ಯಾವ ರಾತ್ರಿಗಿಂತಲೂ ನಿಚ್ಚಳ. ಆ ಹದಿನೈದು ನಿಮಿಷ ಸಿಕ್ಕವರಿಗೇ ಗೊತ್ತು ಅದರ ಬೆಲೆ.

ತೆಳು ಮೋಡದ ಪರದೆ ಮಾತ್ರ ಇದ್ದರೆ ಬೇರೆ ಕೆಲಸ. ಆಗ ನೀಹಾರಿಕೆ, ಗೆಲಾಕ್ಸಿ ಹುಡುಕಿ ಕಣ್ಣು ನೋಯಿಸಿಕೊಳ್ಳುವುದು ಬೇಡ. ಜೋಡಿ ನಕ್ಷತ್ರಗಳಿಗೆ ತಿರುಗಿ. ರಾಜಹಂಸದ ಕೊಕ್ಕಿನಲ್ಲಿರುವ ಅಲ್ಬಿರಿಯೋ ಮಬ್ಬಿನ ನಡುವೆಯೂ ಹೊನ್ನು ಮತ್ತು ನೀಲಿಯಾಗಿ ಒಡೆದು ಕಾಣುತ್ತದೆ. ಅಭಿಜಿತ್ ಪಕ್ಕದ ಎಪ್ಸಿಲಾನ್ ಲೈರೇ ಬೈನಾಕ್ಯುಲರ್‌ನಲ್ಲಿ ಎರಡು. ಟೆಲಿಸ್ಕೋಪ್‌ನಲ್ಲಿ ಹೆಚ್ಚು ವರ್ಧನೆ ಹಾಕಿದರೆ ಆ ಎರಡೂ ಮತ್ತೆ ಎರಡೆರಡು. ಇಂಥ ಮಬ್ಬಿನ ರಾತ್ರಿ ಗಾಳಿ ಎಷ್ಟೋ ಸಲ ಅಲುಗಾಡದೆ ನಿಂತಿರುತ್ತದೆ, ಗ್ರಹಗಳ ಅಂಚು ನಡುಗುವುದಿಲ್ಲ.

ಹೊಳವು ಯಾವಾಗ ಬರುತ್ತದೆಂದು ತಿಳಿಯಲು ಇನ್ಸಾಟ್ ಉಪಗ್ರಹದ ಚಿತ್ರಗಳನ್ನು ಹವಾಮಾನ ಇಲಾಖೆಯ ಜಾಲತಾಣದಲ್ಲಿ ನೋಡುತ್ತೇನೆ. ಇದರಲ್ಲಿ ಮಲೆನಾಡಿನವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ರಾತ್ರಿಯ ಇನ್‌ಫ್ರಾರೆಡ್ ಚಿತ್ರ ತೋರಿಸುವುದು ತಾಪಮಾನವನ್ನು. ಎತ್ತರದ ಮೋಡ ತಣ್ಣಗಿರುವುದರಿಂದ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮ ಗುಡ್ಡಗಳಿಗೆ ತಾಗಿ ಕೂರುವ ತಗ್ಗಿನ ಮೋಡಕ್ಕೂ ನೆಲಕ್ಕೂ ತಾಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಅದು ನೆಲದ ಬೂದು ಬಣ್ಣದಲ್ಲೇ ಕರಗಿಹೋಗುತ್ತದೆ. ಚಿತ್ರದಲ್ಲಿ ಬಯಲು, ತಲೆಯ ಮೇಲೆ ಮುಚ್ಚಿಗೆ. ಇನ್ನೊಂದು, ಮೋಡ ಅರಬ್ಬಿ ಸಮುದ್ರದಿಂದ ಪೂರ್ವಕ್ಕೆ ಸಾಗುತ್ತದೆ ನಿಜ, ಆದರೆ ಹೊನ್ನಾವರದ ಮೇಲೆ ಕಂಡ ತೆರವು ನಮ್ಮಲ್ಲಿಗೂ ಬರುತ್ತದೆಂದು ನಂಬುವಂತಿಲ್ಲ. ಘಟ್ಟ ಹತ್ತುವ ತೇವದ ಗಾಳಿ ಮೇಲೇರುತ್ತಾ ತಣಿದು ಅಲ್ಲೇ ಹೊಸ ಮೋಡ ಕಟ್ಟುತ್ತದೆ. ಇದೇ ಕಾರಣಕ್ಕೆ ಪೂರ್ವಕ್ಕೆ ಹೋದಷ್ಟೂ ಅವಕಾಶ ಹೆಚ್ಚು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಇರುವ ಜಿಲ್ಲೆಯಿಂದಲೇ ಹೊರಟು ಹೊನ್ನಾಳಿ ಮುಟ್ಟಿದರೆ ಮಳೆಯ ಸ್ವರೂಪವೇ ಬೇರೆ. ಆ ಕಡೆ ನೆಂಟರ ಮನೆಗೆ ಹೋಗುವಾಗ ಬಟ್ಟೆಯ ಚೀಲಕ್ಕಿಂತ ಮೊದಲು ಬೈನಾಕ್ಯುಲರ್ ಕಾರು ಹತ್ತುತ್ತದೆ.

ಮೋಡಕ್ಕಿಂತ ನಾನು ಹೆಚ್ಚು ಹೆದರುವುದು ಬೂಷ್ಟಿಗೆ. ಐಪೀಸಿನ, ಅಂದರೆ ಟೆಲಿಸ್ಕೋಪ್‌ಗೆ ಕಣ್ಣಿಡುವ ಕಡೆಯ ಮಸೂರದ, ಗಾಜಿನ ಮೇಲೆ ಅದು ಜೇಡರ ಬಲೆಯಂತೆ ಎಳೆ ಬಿಡುತ್ತದೆ, ಲೇಪನವನ್ನೇ ತಿಂದುಬಿಡುತ್ತದೆ. ಐಪೀಸುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಒಳಗೊಂದು ಅಗ್ಗದ ತೇವಾಂಶ ಮಾಪಕ. ಅದರ ಮುಳ್ಳು 40-50ರ ನಡುವೆ ಇರಬೇಕು. 60 ದಾಟಿದರೆ ಅಂದೇ ಜೆಲ್ ಹುರಿಯಬೇಕು. ಕಿತ್ತಳೆ ಬಣ್ಣದ ಹರಳು ನೀರು ಕುಡಿದಾಗ ಕಡುಹಸಿರಾಗುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿದರೆ ಬಾಣಲೆಯ ಅಂಚಿನಿಂದ ಶುರುವಾಗಿ ಒಂದೊಂದೇ ಹರಳು ಮತ್ತೆ ಕಿತ್ತಳೆಗೆ ತಿರುಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ನಾನು ಮನೆಗೆ ತರುವುದಿಲ್ಲ. ಯಾವ ಬಣ್ಣದ್ದಾದರೂ ಅಡುಗೆಯ ಪಾತ್ರೆಯಲ್ಲಿ ಹುರಿಯಬಾರದು. ಟೆಲಿಸ್ಕೋಪನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬಿಗಿಯುವುದೂ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿ ಸೀರೆ ಹೊದಿಸಿದರೆ ಸಾಕು. "ಅಟ್ಟ ಬೆಚ್ಚಗಿರ್ತದೆ, ಅಲ್ಲಿಡೋ" ಎನ್ನುತ್ತಾಳೆ ಅಮ್ಮ. ಬೆಚ್ಚಗಿರುವುದು ನಿಜ, ಆದರೆ ಒಲೆಯ ಹೊಗೆ ಕನ್ನಡಿಗೆ ಆಗದು.

ಇನ್ನು ನನ್ನ ಮಳೆಗಾಲದ ಅತಿ ಪ್ರೀತಿಯ ಕೆಲಸಕ್ಕೆ ಬರುತ್ತೇನೆ. ನಮ್ಮ ಮಳೆಗಳಿಗೆಲ್ಲ ನಕ್ಷತ್ರಗಳ ಹೆಸರು: ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಮಘೆ, ಹುಬ್ಬೆ. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿ ಸಾಗುತ್ತಿದ್ದಾನೋ ಆ ಹದಿಮೂರು-ಹದಿನಾಲ್ಕು ದಿನದ ಮಳೆಗೆ ಅದೇ ಹೆಸರು. ಅಂದಮೇಲೆ ಮಘೆ ಮಳೆಯ ದಿನಗಳಲ್ಲಿ ಒಂದೂ ಮೋಡವಿಲ್ಲದಿದ್ದರೂ ಮಘಾ ನಕ್ಷತ್ರ ಕಾಣುವುದಿಲ್ಲ, ಅದು ಸೂರ್ಯನ ಪಕ್ಕದಲ್ಲೇ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಆದರೆ ಅದನ್ನು ನೋಡಲು ದಾರಿಯಿದೆ. 1995ರಲ್ಲಿ ಹಾರಿದ ಸೋಹೋ ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ (ಸೂರ್ಯ, ಭೂಮಿಗಳ ಸೆಳೆತ ಹೊಂದಿಕೊಂಡು ನೌಕೆ ಅವುಗಳ ನಡುವೆಯೇ ಉಳಿಯುವ ಜಾಗ) ಸುತ್ತ ನಿಂತು ಸೂರ್ಯನನ್ನೇ ನೋಡುತ್ತದೆ. ನಮ್ಮ ಆದಿತ್ಯ-ಎಲ್1 ಇರುವುದೂ ಅಲ್ಲೇ. ಸೋಹೋದ ಲಾಸ್ಕೋ ಸಿ3 ಕ್ಯಾಮೆರಾ ಸೂರ್ಯನ ಬಿಂಬವನ್ನು ಒಂದು ತಟ್ಟೆಯಿಂದ ಮರೆಮಾಡಿ ಸುತ್ತಲಿನ ಸುಮಾರು ಎಂಟು ಡಿಗ್ರಿ ಆಕಾಶವನ್ನು ಸೆರೆಹಿಡಿಯುತ್ತದೆ. ಚಿತ್ರಗಳೆಲ್ಲ ಯಾರು ಬೇಕಾದರೂ ನೋಡಬಹುದಾದಂತೆ ಅಂತರ್ಜಾಲದಲ್ಲಿವೆ. ಆಗಸ್ಟ್ ಮಧ್ಯದ ಚಿತ್ರ ತೆರೆದರೆ ಎಡ ಅಂಚಿನಲ್ಲಿ ಮಘಾ ನಕ್ಷತ್ರ! ದಿನಕ್ಕೊಂದು ಡಿಗ್ರಿಯಂತೆ ಬಲಕ್ಕೆ ಸರಿಯುತ್ತಾ, 23ರ ಹೊತ್ತಿಗೆ ತಟ್ಟೆಯ ಹಿಂದೆ ಮರೆಯಾಗಿ, ಆಚೆ ಬದಿಯಿಂದ ಹೊರಬಂದು ತಿಂಗಳ ಕೊನೆಗೆ ಬಲ ಅಂಚು ದಾಟುತ್ತದೆ. ಹೊರಗೆ ಮಘೆ ಮಳೆ ಹಿಡಿದಿರುವ ದಿನಗಳು ಹೆಚ್ಚುಕಡಿಮೆ ಅವೇ. ಅಜ್ಜ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ ಪಂಚಾಂಗವನ್ನು ಹೀಗೆ ಕಣ್ಣಾರೆ ಕಂಡಾಗ ನನಗೆ ಮೈ ಜುಂ ಎಂದಿತ್ತು. ಮೇ ತಿಂಗಳ ಕೃತ್ತಿಕೆ ಮಳೆಯ ಹೊತ್ತಿಗೆ ಕೃತ್ತಿಕೆಯ ಗೊಂಚಲು ಇದೇ ರೀತಿ ಸಾಗುತ್ತದೆ.

ಈ ಚಿತ್ರಗಳಲ್ಲಿ ನಾನು ಧೂಮಕೇತುಗಳನ್ನೂ ಹುಡುಕುತ್ತೇನೆ. ಸೋಹೋ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಸಂಖ್ಯೆ 2024ರ ಮಾರ್ಚ್‌ನಲ್ಲಿ 5,000 ಮುಟ್ಟಿತು, ಬಹುಪಾಲನ್ನು ಗುರುತಿಸಿದವರು ಮನೆಯಲ್ಲಿ ಕೂತ ಹವ್ಯಾಸಿಗಳು. ಹುಡುಕುವ ಬಗೆ ಇಷ್ಟೇ: ಕೆಲವು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಬೇಕು. ಒಂದೇ ಚಿತ್ರದಲ್ಲಿ ಹೊಳೆದು ಮಾಯವಾಗುವ ಚುಕ್ಕೆ ಕಾಸ್ಮಿಕ್ ಕಿರಣ. ಎಲ್ಲವೂ ಒಂದೇ ವೇಗದಲ್ಲಿ ಬಲಕ್ಕೆ ಸರಿದರೆ ನಕ್ಷತ್ರಗಳು. ಎರಡೂ ಬದಿಗೆ ಅಡ್ಡಗೆರೆ ಹೊಮ್ಮಿಸಿಕೊಂಡು ಬಂದದ್ದು ಗ್ರಹ. ಇವುಗಳ ನಡುವೆ ಮಸುಕಾದದ್ದೊಂದು ತನ್ನದೇ ದಾರಿಯಲ್ಲಿ ಸೂರ್ಯನತ್ತ ನುಗ್ಗುತ್ತಿದ್ದರೆ ಕೂತಲ್ಲೇ ನೆಟ್ಟಗಾಗುತ್ತೇನೆ. ಹೊಸದೊಂದನ್ನು ಮೊದಲು ಕಾಣುವ ಭಾಗ್ಯ ನನಗಿನ್ನೂ ಬಂದಿಲ್ಲ, ಹುಡುಕಾಟ ನಡೆದಿದೆ.

ಕೆಲವು ಘಟನೆಗಳಿಗೆ ಮಾತ್ರ ಬದಲಿ ಇಲ್ಲ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ಹುಬ್ಬೆ ಮಳೆಯಲ್ಲೇ ಬಂತು. ಗ್ರಹಣ ಅರ್ಧಂಬರ್ಧ ಇರುವಾಗ ತೆಳು ಮೋಡದಾಚೆಗೂ ಚಂದ್ರ ಕಾಣುತ್ತಾನೆ, ಆದರೆ ಪೂರ್ಣವಾದ ಮೇಲೆ ಎಷ್ಟು ಮಂಕಾಗುತ್ತಾನೆಂದರೆ ಅದೇ ಮೋಡ ಅವನನ್ನು ನುಂಗಿಬಿಡುತ್ತದೆ. ಹಾಗಾಗಿ ರಾತ್ರಿ 11ರಿಂದ 82 ನಿಮಿಷದ ಪೂರ್ಣ ಗ್ರಹಣಕ್ಕೆ ಜಗಲಿಯಲ್ಲೇ ಕುರ್ಚಿ ಹಾಕಿ ಸರದಿಯ ಮೇಲೆ ಕಾದೆವು. "ಮಾವಾ, ಹೊಳವಾಯ್ತು, ಬಾ ಬಾ!" ಎಂದು ಅಕ್ಕನ ಮಗ ಕೂಗಿದಾಗ ತೆಂಗಿನ ಗರಿಗಳ ಮೇಲೆ ತಾಮ್ರದ ಬಿಂಬ, ಒಂದು ಅಂಚು ಮಾತ್ರ ತುಸು ತಿಳಿ. ಬೈನಾಕ್ಯುಲರ್ ಮನೆಮಂದಿಯ ಕೈಯೆಲ್ಲ ಸುತ್ತಿ ಬರುವಷ್ಟು ಹೊತ್ತು ನಿಂತಿತ್ತು.

ಧನು, ವೃಶ್ಚಿಕಗಳನ್ನೂ ನಾನು ಪೂರ್ತಿ ಬಿಟ್ಟುಕೊಟ್ಟಿಲ್ಲ, ಹೊತ್ತು ಬದಲಿಸಿದ್ದೇನೆ. ಮಾರ್ಚ್ ಕೊನೆಯ ವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದರೆ ಜ್ಯೇಷ್ಠಾ ನಡು ದಕ್ಷಿಣದಲ್ಲಿ, ಅದರ ಎಡಕ್ಕೆ ಆಕಾಶಗಂಗೆ. ಸಾಗರದ 14 ಡಿಗ್ರಿ ಅಕ್ಷಾಂಶದಿಂದ ಇವೆಲ್ಲ ಸಾಕಷ್ಟು ಎತ್ತರದಲ್ಲೇ ಸಿಗುತ್ತವೆ. ಮಳೆ ಹಿಡಿದ ಸಂಜೆಗಳಲ್ಲಿ ಆ ನಸುಕಿಗಾಗಿ ನಕ್ಷತ್ರಗುಚ್ಛ, ನೀಹಾರಿಕೆಗಳ ಪಟ್ಟಿ ಬರೆಯುತ್ತೇನೆ (ಎಂ ಎಂದರೆ ಮೆಸ್ಸಿಯೆ ಪಟ್ಟಿಯ ಸಂಖ್ಯೆ): ಮೊದಲು ಎಂ4, ಅಲ್ಲಿಂದ ಬಾಲದತ್ತ ಎಂ6, ಎಂ7, ಆಮೇಲೆ ಎಂ8, ಎಂ20, ಬೆಳಕು ಹರಿಯುವ ಮೊದಲು ಎಂ22. ಚಂದ್ರ ತೊಂದರೆ ಕೊಡದ ದಿನ ಯಾವುದೆಂದು ಪಂಚಾಂಗದಲ್ಲಿ ಅಮಾವಾಸ್ಯೆ ನೋಡಿ ಪಕ್ಕದಲ್ಲೇ ಗುರುತು ಹಾಕಿಡುತ್ತೇನೆ.