ಗುದ್ದಿದ ಕಾರನ್ನು ಘಾಟಿ ಇಳಿಸುವ ಮುಂಚೆ

ಎರಡು ವರ್ಷದ ಹಿಂದೆ ಜೂನ್ ಮಳೆಯಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ನನ್ನ ಕಾರು ಜಾರಿ ರಸ್ತೆ ಬದಿಯ ಮಣ್ಣಿನ ಬರೆಗೆ ಗುದ್ದಿತು. ಬಂಪರ್ ನೇತಾಡುತ್ತಿತ್ತು, ಒಂದು ಹೆಡ್‌ಲೈಟ್ ಪುಡಿ. ಇಷ್ಟೇ ಅಲ್ವಾ ಅಂತ ಬಂಪರ್‌ಗೆ ಹಗ್ಗ ಕಟ್ಟಿ ಹೊರಟೆ. ಸುಳ್ಯ ಮುಟ್ಟುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಗ್ಯಾರೇಜಿನಲ್ಲಿ ನೋಡಿದರೆ ಚಕ್ರವನ್ನು ಕಾರಿನ ಅಡಿಗೆ ಹಿಡಿದಿಡುವ ಲೋವರ್ ಆರ್ಮ್ ಬಾಗಿದೆ! ಆ ತಿರುವುಗಳಲ್ಲಿ ಅದು ಕೈಕೊಟ್ಟಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಹಾಗಾಗಿ ಬಂಪರ್ ನೋಡಿ ಏಟು ಅಳೆಯಬೇಡಿ. ಅದು ಪ್ಲಾಸ್ಟಿಕ್, ಸುಮ್ನೆ ಒಡೆಯುತ್ತದೆ.

ಮೊದಲು ಜನ. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಫೋನ್ ಮಾಡಿ, ಕಾರಿನ ಕಥೆ ಆಮೇಲೆ. ಇಂಜಿನ್ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ. ಮಂಜಿದ್ದರೆ ಹಿಂದಿನ ಗಾಡಿಗಳನ್ನು ಎಚ್ಚರಿಸುವ ಕೆಂಪು ತ್ರಿಕೋನವನ್ನು ಕಾರಿನ ಪಕ್ಕದಲ್ಲೇ ಇಟ್ಟು ಪ್ರಯೋಜನವಿಲ್ಲ, ತಿರುವಿಗೂ ಹಿಂದೆ ಇಡಿ. ಪೆಟ್ರೋಲ್ ವಾಸನೆ ಬಂದರೆ ಎಲ್ಲರೂ ದೂರ ಹೋಗಿ.

ಆಮೇಲೆ ಬಗ್ಗಿ ಕಾರಿನ ಅಡಿ ನೋಡಿ. ನಮ್ಮ ಮಳೆಯಲ್ಲಿ ರಸ್ತೆಯೇ ಒದ್ದೆ, ಯಾವ ನೀರು ಎಲ್ಲಿಂದ ಸುರಿಯಿತು ಅಂತ ಗೊತ್ತಾಗಲ್ಲ. ಒಂದು ಹಳೇ ನ್ಯೂಸ್‌ಪೇಪರ್ ತಳ್ಳಿ ಹತ್ತು ನಿಮಿಷ ಕಾಯಿರಿ. ಗುಲಾಬಿ ಅಥವಾ ಹಸಿರು ಕಲೆ ಬಿದ್ದರೆ ಇಂಜಿನ್ ತಂಪಾಗಿಸುವ ಕೂಲೆಂಟ್, ರೇಡಿಯೇಟರ್ ಒಡೆದಿರಬಹುದು. ಕಪ್ಪು ಅಥವಾ ಕಂದು ಜಿಡ್ಡಾದರೆ ಆಯಿಲ್. ಎರಡರಲ್ಲೂ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಮುಗೀತು, ಕಾರು ಅಲ್ಲಿಂದ ಕದಲಬಾರದು.

ಈಗ ಚಕ್ರ. ಟೈರಿಗೂ ಮಡ್‌ಗಾರ್ಡ್‌ಗೂ ಮಧ್ಯೆ ಕೈ ಇಟ್ಟು ಎಷ್ಟು ಬೆರಳು ಹೋಗುತ್ತದೆ ನೋಡಿ, ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ನನ್ನ ಕಾರಿನಲ್ಲಿ ಬಲಕ್ಕೆ ನಾಲ್ಕು ಬೆರಳು, ಎಡಕ್ಕೆ ಎರಡೇ. ಅವತ್ತೇ ನೋಡಿದ್ದರೆ ಗೊತ್ತಾಗುತ್ತಿತ್ತು. ಚಕ್ರ ನೇರ ಇದ್ದೂ ಸ್ಟೇರಿಂಗ್ ಸೊಟ್ಟ ಕಂಡರೆ, ಟೈರಿನ ಬದಿ ಉಬ್ಬಿದ್ದರೆ ಓಡಿಸಬೇಡಿ.

ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಹಾಕಿ. ಮುಂದೆ ಗುದ್ದಿದ್ದಕ್ಕೆ ಬಾಗಿಲು ಬಿಗಿಯಾದರೆ, ಬಾನೆಟ್ಟಿನ ಸಂದು ಒಂದು ಕಡೆ ಅಗಲ ಒಂದು ಕಡೆ ಕಿರಿದಾದರೆ, ಏಟು ಒಳಗಿನ ಚೌಕಟ್ಟಿಗೇ ಬಿದ್ದಿರಬಹುದು. ಇದು ಬರೀ ಟಿಂಕರಿಂಗ್ ಕೆಲಸ ಅಲ್ಲ. ಹಿಂದಿನಿಂದ ಗುದ್ದಿಸಿಕೊಂಡವರು ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿ ನೋಡಿ, ತಗಡು ಮಡಚಿಕೊಂಡಿದ್ದರೆ ಹೊರಗಿನ ಗೀರಿಗಿಂತ ಜಾಸ್ತಿ ಖರ್ಚು ಅಲ್ಲೇ ಇದೆ.

ಏರ್‌ಬ್ಯಾಗ್ ಲೈಟ್ ಉರಿಯುತ್ತಲೇ ಇದ್ದರೆ ಗ್ಯಾರೇಜಿಗೆ ಹೇಳಲು ಮರೆಯಬೇಡಿ.

ಇನ್ಶೂರೆನ್ಸ್ ಇದೆಯಾ? ರಿಪೇರಿಗೆ ಮುಂಚೆ ಫೋಟೋ ತೆಗೆದು ಕಂಪನಿಗೆ ತಿಳಿಸಿ, ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡಬೇಕು. ಜೀರೋ ಡೆಪ್ (ಭಾಗಗಳ ಸವಕಳಿ ಕಡಿತ ಮಾಡದ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತ. ಬರೀ ಬಂಪರ್ ಆದರೆ ಕೈಯಿಂದ ಕೊಟ್ಟು, ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಸಿಕೊಳ್ಳುವುದೇ ವಾಸಿ ಅನ್ನಿಸುತ್ತದೆ. ರಿಪೇರಿ ಖರ್ಚು ಪಾಲಿಸಿಯಲ್ಲಿರುವ ಐಡಿವಿಯ, ಅಂದರೆ ಅದರಲ್ಲಿ ಬರೆದ ಕಾರಿನ ಬೆಲೆಯ, 75% ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋದ ಲೆಕ್ಕ.

ಎಲ್ಲಾ ಸರಿ ಇದ್ದು ಒಂದೇ ಹೆಡ್‌ಲೈಟ್ ಹೋಗಿದ್ದರೂ ಸಂಜೆ ಮೇಲೆ ಮಂಜಲ್ಲಿ ಘಾಟಿಗೆ ಇಳಿಯಬೇಡಿ. ಎದುರಿನ ಲಾರಿಯವನು ನಿಮ್ಮ ಕಾರನ್ನು ಬೈಕ್ ಅಂದುಕೊಳ್ಳುತ್ತಾನೆ.