ಪಂಕ್ಚರ್ ಆದ ಕೂಡಲೇ ಸೈಕಲ್ ಮುಟ್ಟಬೇಡಿ

ಹೋದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ಆನಗೋಡು ದಾಟಿ ಚಿತ್ರದುರ್ಗದ ಕಡೆಗೆ ಹೋಗುವ ಸರ್ವಿಸ್ ರಸ್ತೆಯ ಅಂಚಿನಲ್ಲಿ ನಮ್ಮ ದಾವಣಗೆರೆ ಗುಂಪಿನ ಹುಡುಗನೊಬ್ಬ ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತಿದ್ದ. ಹಿಂದಿನ ಚಕ್ರ ಪಂಕ್ಚರ್. ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿ ನೂರು ಮೀಟರ್ ಹೋಗುವಷ್ಟರಲ್ಲಿ ಅದೂ ಇಳಿದಿತ್ತು. ಉಳಿದಿದ್ದ ಇನ್ನೊಂದನ್ನು ಹಾಕಿದ್ದ, ಅದೂ ಹೋಗಿತ್ತು. ನಾನು ತಲುಪಿದಾಗ ಅವನ ಕೈ ನಡುಗುತ್ತಿತ್ತು. ಟೈರಿನ ಒಳಮೈಯಲ್ಲಿ ಬೆರಳಾಡಿಸಿ ನೋಡಿದೆ. ಅರ್ಧ ಅಕ್ಕಿಕಾಳಿನಷ್ಟು ಬಳ್ಳಾರಿ ಜಾಲಿಯ ಮುಳ್ಳಿನ ತುದಿ ಅಲ್ಲೇ ಕೂತಿತ್ತು. ಮೂರೂ ಟ್ಯೂಬುಗಳನ್ನು ಚುಚ್ಚಿದ್ದು ಅದೊಂದೇ ಮುಳ್ಳು.

ಟ್ಯೂಬ್ ಬದಲಿಸುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗಾಬರಿಯಲ್ಲಿ ಕೈ ಮುಂದೆ ಓಡಿತ್ತು, ಕಣ್ಣು ಹಿಂದೆ ಉಳಿದಿತ್ತು. ಟ್ರಯಥ್ಲಾನ್‌ಗೆ ಇಳಿಯುವವರಲ್ಲಿ ಈ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಈಜು, ಸೈಕಲ್, ಓಟ ಮೂರನ್ನೂ ಬೆನ್ನುಬೆನ್ನಿಗೆ ಮುಗಿಸುವ ಈ ಸ್ಪರ್ಧೆಯಲ್ಲಿ ಒಲಿಂಪಿಕ್ ದೂರವೆಂದರೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಇಷ್ಟು ಉದ್ದದ ದಿನದಲ್ಲಿ ಏನಾದರೊಂದು ಕೆಟ್ಟೇ ಕೆಡುತ್ತದೆ. ಸಮಾಧಾನ ಹುಟ್ಟುಗುಣ ಎಂದು ಕೈಬಿಡಬೇಡಿ. ಯಾವ ಕೆಲಸದ ನಂತರ ಯಾವ ಕೆಲಸ ಎಂಬುದು ಕೈಗೆ ರೂಢಿಯಾಗಿದ್ದರೆ ಮನಸ್ಸು ತಾನಾಗಿ ತಣ್ಣಗಿರುತ್ತದೆ.

ನೀರಿನಲ್ಲಿ. ಯಾರದೋ ಕಾಲು ಮುಖಕ್ಕೆ ಬಡಿದು ಈಜು ಕನ್ನಡಕ ಕಳಚಿದರೆ, ಉಸಿರು ಕಟ್ಟಿದಂತಾದರೆ, ಕೂಡಲೇ ಬೆನ್ನ ಮೇಲೆ ತಿರುಗಿ ತೇಲಿ. ಗಾಬರಿಯಲ್ಲಿ ಎಲ್ಲರೂ ಉಸಿರನ್ನು ಒಳಗೆಳೆಯುತ್ತಲೇ ಇರುತ್ತಾರೆ. ಮೊದಲು ಪೂರ್ತಿ ಹೊರಗೆ ಬಿಡಿ, ಒಳಗೆ ತಾನೇ ಬರುತ್ತದೆ. ಸಹಾಯ ಬೇಕಿದ್ದರೆ ಒಂದು ಕೈ ಮೇಲೆತ್ತಿ. ಕಾವಲು ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳುವುದಕ್ಕೆ ನಿಯಮದ ಅಡ್ಡಿಯಿಲ್ಲ, ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೆ. ಕನ್ನಡಕದ ಪಟ್ಟಿಯನ್ನು ಟೋಪಿಯ ಒಳಗೆ ಸೇರಿಸಿದರೆ ಸುಲಭಕ್ಕೆ ಕಳಚುವುದಿಲ್ಲ. ಇದನ್ನೆಲ್ಲ ಈಜುಕೊಳದಲ್ಲೇ, ಗೆಳೆಯರಿಂದ ಬೇಕೆಂದೇ ಕನ್ನಡಕ ಕೀಳಿಸಿಕೊಂಡು ಅಭ್ಯಾಸ ಮಾಡಿ. ತೆರೆದ ನೀರಿನ ರೂಢಿಯಾಗಲಿ ಎಂದು ಭದ್ರಾ ನಾಲೆಗೆ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರಿರುತ್ತದೆ, ಜಾರುವ ದಂಡೆಯಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಸೈಕಲ್ ಹತ್ತುವಾಗ. ಹೆಲ್ಮೆಟ್ ಪಟ್ಟಿ ಬಿಗಿದ ಮೇಲೆಯೇ ಸೈಕಲ್‌ಗೆ ಕೈ ಹಾಕಿ. ಮೊದಲೇ ಮುಟ್ಟಿದರೆ ದಂಡ.

ಪಂಕ್ಚರ್. ಇಲ್ಲಿ ನಿಧಾನವಾಗಿ ಓದಿ. ಟೈರ್ ಇಳಿದದ್ದು ತಿಳಿದ ಕೂಡಲೇ ರಸ್ತೆಯಿಂದ ಪೂರ್ತಿ ಕೆಳಗಿಳಿದು ಸೈಕಲನ್ನು ಒರಗಿಸಿ, ಕೈ ತೆಗೆಯಿರಿ. ಎರಡು ಗುಟುಕು ನೀರು ಕುಡಿಯಿರಿ. ಐದು ಉಸಿರು, ಒಳಗೆಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ಆಮೇಲೆ ಕಂಡದ್ದನ್ನು ಬಾಯಿಬಿಟ್ಟು ಹೇಳಿ: "ಹಿಂದಿನ ಚಕ್ರ. ಎರಡು ಟ್ಯೂಬ್ ಇವೆ. ಪಂಪ್ ಇದೆ." ಇದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸಲು ಹೋದವನೇ ಆನಗೋಡಿನ ಬಳಿ ಕೂತಿದ್ದ.

ಹಿಂದಿನ ಚಕ್ರವಾದರೆ ಚೈನನ್ನು ಹಿಂಬದಿಯ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಿ. ಟೈರಿನ ಒಂದು ಬದಿಯನ್ನಷ್ಟೇ ರಿಮ್ಮಿನಿಂದ ಎಬ್ಬಿಸಿ. ಟ್ಯೂಬನ್ನು ಎಳೆದು ಬಿಸಾಡಬೇಡಿ. ಎರಡು ಪಂಪ್ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ, ವಾಲ್ವಿಗೆ ವಾಲ್ವು ಸರಿಹೊಂದಿಸಿ ಟ್ಯೂಬನ್ನು ಟೈರಿನ ಪಕ್ಕ ಹಿಡಿಯಿರಿ. ತೂತು ಬಂದ ಜಾಗದಲ್ಲೇ ಮುಳ್ಳು ಇರುತ್ತದೆ. ಅಕ್ಕಪಕ್ಕದಲ್ಲಿ ಎರಡು ತೂತಿದ್ದರೆ ಅದು ಮುಳ್ಳಲ್ಲ, ಗಾಳಿ ಕಡಿಮೆಯಿದ್ದ ಟೈರನ್ನು ಗುಂಡಿಗೆ ಇಳಿಸಿದ್ದರ ಗುರುತು.

ಬಳ್ಳಾರಿ ಜಾಲಿಯ ಮುಳ್ಳು ನೆಟ್ಟಗೆ ಇಳಿದು ಮುರಿಯುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಬೆರಳ ತುದಿಯನ್ನು ಒಳಮೈಗೆ ಒತ್ತಿ ಒಂದು ಸುತ್ತು ನಿಧಾನವಾಗಿ ಸರಿಸಿ, ಅದೇ ಬೆರಳನ್ನು ಎದುರು ದಿಕ್ಕಿನಲ್ಲಿ ಇನ್ನೊಂದು ಸುತ್ತು ತನ್ನಿ. ಓರೆಯಾಗಿ ಕೂತ ಮುಳ್ಳು ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಚುಚ್ಚು. ಬೆವರಿನಿಂದ ಬೆರಳಿಗೆ ತಿಳಿಯದಿದ್ದರೆ ಹತ್ತಿ ಬಟ್ಟೆಯ ಚೂರು ಸವರಿ, ನೂಲು ಸಿಕ್ಕಿಕೊಂಡಲ್ಲಿ ನಿಲ್ಲಿ. ಚಿಮಟದಿಂದ ಕಿತ್ತ ಮೇಲೂ ಮತ್ತೊಂದು ಸುತ್ತು. ಒಂದು ಮುಳ್ಳು ಸಿಕ್ಕಿತೆಂದರೆ ಎರಡನೆಯದು ಇಲ್ಲವೆಂದಲ್ಲ.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಟೈರನ್ನು ವಾಲ್ವಿನ ಎದುರು ಬದಿಯಿಂದ ಒತ್ತುತ್ತ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯ ನಾಲ್ಕು ಬೆರಳಗಲ ಬಿಗಿಯಾಗಿಯೇ ಇರುತ್ತದೆ. ಅಲ್ಲಿ ಟೈರ್ ಎಬ್ಬಿಸುವ ಲಿವರ್ ಹಾಕಿದರೆ ಹೊಸ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಹೆಬ್ಬೆರಳಲ್ಲೇ ತಳ್ಳಿ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ, ಎರಡೂ ಬದಿಯಲ್ಲಿ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡಿಕೊಂಡು ಗಾಳಿ ತುಂಬಿ.

ಟೈರಿಗೆ ಕ್ಷಣದಲ್ಲಿ ಗಾಳಿ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರ್ ಎಂಬ ಚುಟುಕು ದಾರಿಯನ್ನು ನಾನು ಒಪ್ಪುವುದಿಲ್ಲ. ವಾಲ್ವಿಗೆ ಸರಿಯಾಗಿ ಕೂರದಿದ್ದರೆ ಕ್ಷಣದಲ್ಲಿ ಖಾಲಿ. ಉದ್ದ ದೂರದ ಟ್ರಯಥ್ಲಾನ್ ಆದ 2008ರ ಹವಾಯಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್ ಅವರ ಟೈರ್ ಇಳಿದು, ತಂದಿದ್ದ ಗ್ಯಾಸ್ ವ್ಯರ್ಥವಾಗಿ ರಸ್ತೆಬದಿಯಲ್ಲಿ ನಿಲ್ಲಬೇಕಾಯಿತು. ಹಿಂದಿನಿಂದ ಬಂದ ಪ್ರತಿಸ್ಪರ್ಧಿ ರೆಬೆಕಾ ಕೀಟ್ ತಮ್ಮ ಸಿಲಿಂಡರ್ ಕೊಟ್ಟರು. ವೆಲ್ಲಿಂಗ್ಟನ್ ಸ್ಪರ್ಧೆಯನ್ನೇ ಗೆದ್ದರು. ಟ್ಯೂಬ್, ಪಂಪುಗಳನ್ನು ಸಹಸ್ಪರ್ಧಿಯಿಂದ ಪಡೆಯಬಹುದು, ದಾರಿಯಲ್ಲಿ ನಿಂತ ಅಣ್ಣನಿಂದಲೋ ಗೆಳೆಯನಿಂದಲೋ ಪಡೆಯುವಂತಿಲ್ಲ. ಆದ್ದರಿಂದ ಕೈಪಂಪ್ ಕಟ್ಟಿಕೊಳ್ಳಿ, ತೂಕವಾದರೆ ಆಗಲಿ. ಸೊಲ್ಯೂಷನ್ ಬೇಡದ, ಸ್ಟಿಕ್ಕರಿನಂತೆ ಅಂಟಿಸುವ ಅಗ್ಗದ ಪ್ಯಾಚುಗಳನ್ನೂ ನಂಬಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಏಳುತ್ತವೆ.

ಮತ್ತೆ ಹೊರಟ ಮೇಲೆ. ಕಳೆದ ಹತ್ತು ನಿಮಿಷವನ್ನು ಮುಂದಿನ ಐದು ಕಿಲೋಮೀಟರಿನಲ್ಲಿ ಹಿಂದಕ್ಕೆ ಪಡೆಯಲು ಹೋಗಿ ಕಾಲು ಸುಟ್ಟುಕೊಳ್ಳುವವರೇ ಹೆಚ್ಚು. ಮೊದಲ ಹತ್ತು ನಿಮಿಷ ಬೇಕೆಂದೇ ಒಂದು ಗೇರ್ ಹಗುರ ಇಟ್ಟು ತುಳಿಯಿರಿ. ಮುಂಗಾರಿನಲ್ಲಿ ಚಿತ್ರದುರ್ಗದ ಕಡೆಗೆ ಹೋಗುವಾಗ ಪಡುವಣ ಗಾಳಿ ಬೆನ್ನಿಗಿರುತ್ತದೆ, ದಾವಣಗೆರೆಗೆ ಮರಳುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಆಗ ವೇಗ ಇಳಿದರೆ ನಿಮ್ಮನ್ನಾಗಲಿ ಸೈಕಲನ್ನಾಗಲಿ ದೂರಬೇಡಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಸೀಮೆಯಿದು.

ಓಟದಲ್ಲಿ. ಹೊಟ್ಟೆ ತೊಳಸಿದರೆ ಒಂದು ನಿಮಿಷ ನಡೆಯಿರಿ, ಶಕ್ತಿಗೆಂದು ನುಂಗುವ ಸಿಹಿ ಜೆಲ್ ನಿಲ್ಲಿಸಿ, ಉಪ್ಪು ಹಾಕಿದ ನಿಂಬೆಹಣ್ಣಿನ ನೀರನ್ನು ಸಣ್ಣ ಗುಟುಕಿನಲ್ಲಿ ಕುಡಿಯಿರಿ. ಎದೆನೋವು, ಬಿಸಿಲಿನಲ್ಲೂ ಚಳಿ, ತಲೆಸುತ್ತು, ಮಾತು ತೊದಲುವುದು, ಇವುಗಳಲ್ಲಿ ಯಾವುದೇ ಒಂದು ಬಂದರೂ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ಅಲ್ಲಿ ಯೋಚನೆಗೆ ಜಾಗವಿಲ್ಲ.

ಮನೆಯಲ್ಲಿ. ವಾರಕ್ಕೊಮ್ಮೆ ಸಂಜೆ, ಕೈ ಒದ್ದೆ ಮಾಡಿಕೊಂಡು, ಅರ್ಧ ಗಂಟೆ ಓಡಿ ಏದುಸಿರು ಬಿಡುತ್ತಿರುವಾಗಲೇ ಹಿಂದಿನ ಟ್ಯೂಬ್ ಬದಲಿಸಿ. ಫ್ಯಾನಿನ ಕೆಳಗೆ ಕೂತು ಮಾಡಿದ್ದು ಲೆಕ್ಕಕ್ಕಿಲ್ಲ. ಆ ಹುಡುಗ ಈಗ ತಾರಸಿಯ ಮೇಲೆ ಹೀಗೇ ಮಾಡುತ್ತಾನೆ. ಟೈರಿನೊಳಗೆ ಎಲ್ಲೋ ಒಂದು ಕಡೆ ಮುಳ್ಳಿನ ಚೂರು ಸಿಕ್ಕಿಸಿಡುವ ಕೆಲಸ ಅವನ ತಂಗಿಯದು. ಅದನ್ನು ಹುಡುಕಿ ಅವಳ ಅಂಗೈಗೆ ಇಡುವವರೆಗೆ ಅವನು ಹೊಸ ಟ್ಯೂಬನ್ನು ಚೀಲದಿಂದ ಹೊರಗೆ ತೆಗೆಯುವಂತಿಲ್ಲ.