ಪದ್ಮಿನಿ, ಮಾರುತಿ 800: ಹೋಲಿಸುವುದು ಹೇಗೆ?

ಹಳೆಯ ಕಾರು ಕೊಳ್ಳಲು ಹೊರಟು ಇವೆರಡರಲ್ಲಿ ಯಾವುದು ಎಂದು ನೋಡುವಾಗ ವೇಗದಲ್ಲಿ ಅಳೆಯಬೇಡಿ. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100; ಮಾರುತಿ 1983ರಲ್ಲಿ ಬಂದ ಸುಜುಕಿ ತಂತ್ರ.

ನಾನು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸುತ್ತೇನೆ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾರುವವರ ಮೇಲೆ ನನಗೆ ಅನುಮಾನ. ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್. ಮಾರುತಿಯದು 796 ಸಿಸಿ, ಮೂರೇ ಸಿಲಿಂಡರ್. ಹಾಗಾಗಿ ನಿಂತಲ್ಲೇ ಮಾರುತಿ ತುಸು ನಡುಗಿದರೆ ದೋಷವೆನ್ನಬೇಡಿ.

ಆಮೇಲೆ ಒಂದೇ ಏರುರಸ್ತೆಯಲ್ಲಿ ಎರಡನ್ನೂ ಓಡಿಸಿ. ಪದ್ಮಿನಿಯ ಗೇರು ಸ್ಟಿಯರಿಂಗ್ ಪಕ್ಕದಲ್ಲಿ. ಲಿವರ್ ಗಾಳಿಯಲ್ಲಿ ಆಡಿದಂತಿದ್ದರೆ ಅದರ ಕೀಲುಗಳಲ್ಲಿರುವ ಬುಷ್ (ಸಣ್ಣ ಬಳೆ) ಸವೆದಿರಬಹುದು. (ಆ ಗೇರು ಹಾಕುವ ಸುಖವೇ ಬೇರೆ, ಬಿಡಿ.) ಹಿಂದಿನ ಚಕ್ರ ನೂಕುವ ಕಾರಾದ್ದರಿಂದ ನೆಲದಡಿ ಪ್ರೊಪೆಲ್ಲರ್ ಶಾಫ್ಟಿನ, ಅಂದರೆ ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದ ದಂಡದ, ಅದುರು ಗಮನಿಸಿ. ಮಾರುತಿಯನ್ನು ಮುಂದಿನ ಚಕ್ರ ಎಳೆಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಎಂದರೆ ಸಿವಿ ಜಾಯಿಂಟ್, ಅಂದರೆ ತಿರುಗುವ ಚಕ್ರಕ್ಕೆ ಬಲ ಮುಟ್ಟಿಸುವ ಕೀಲು, ನೋಡಿಸಿ.

ತುಕ್ಕು ಎರಡರಲ್ಲೂ ಇರುತ್ತದೆ. ಬೆಲೆ ಮಾತಾಡುವ ಮೊದಲು ಮ್ಯಾಟ್ ಎತ್ತಿಸಿ ಕೆಳಗಿನ ತಗಡು ನೋಡಿ.